ಅಮ್ಮ ಒಳಗವ್ಳೆ

ನಂಜನಗೂಡಿನ ನಮ್ಮ ಮನೆಯ ಗೋಡೆಯಲ್ಲಿ ಈಗ ಸೊಳ್ಳೆ ಓಡಿಸುವ ಮಿಷನ್ನು ಇದೆ. ಸಂಜೆಯಾದರೆ ಹೈಸ್ಕೂಲಿಗೆ ಹೋಗುವ ಮಗಳು ಮಧುಶ್ರೀ ಸ್ವಿಚ್ಚು ಒತ್ತುತ್ತಾಳೆ, ಸಣ್ಣ ಕೆಂಪು ದೀಪ ಹತ್ತುತ್ತದೆ, ಅಲ್ಲಿಗೆ ಅವಳ ಜವಾಬ್ದಾರಿ ಮುಗಿಯಿತು. ಸೊಳ್ಳೆಗಳೇನೂ ಅಷ್ಟು ಪೆದ್ದಲ್ಲ. ಕರೆಂಟು ಹೋಗುವುದನ್ನೇ ಕಾಯುತ್ತವೆ, ನಮ್ಮಲ್ಲಿ ಅದಕ್ಕೆ ಹೆಚ್ಚು ಹೊತ್ತು ಕಾಯಬೇಕಾಗಿಯೂ ಇಲ್ಲ. ಆ ಮಿಷನ್ನಿನ ವಾಸನೆ ನನಗೆ ಯಾವತ್ತೂ ಹಿಡಿಸಿಲ್ಲ. ನನ್ನ ಮೂಗಿಗೆ ಬೇಕಾದದ್ದು ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ತೆಂಗಿನ ನಾರು ಸೇರಿ ಏಳುತ್ತಿದ್ದ ಆ ಕಹಿ ಹೊಗೆ. ಸೀರೆಗೆ ಹತ್ತಿದರೆ ಒಗೆದರೂ ಹೋಗುತ್ತಿರಲಿಲ್ಲ. ಅದು ನನ್ನವ್ವನ ಮನೆಯ ವಾಸನೆ. ಅವ್ವನೂ ಇಲ್ಲ, ಆ ಮನೆಯೂ ಈಗ ಬೇರೆಯವರದು. ನೆನೆದರೆ ಇವತ್ತಿಗೂ ಕಣ್ಣು ಉರಿಯುತ್ತದೆ.

ಮಧುಶ್ರೀ ಹುಟ್ಟಿದ್ದು ತೊಂಬತ್ತಾರರ ಮಳೆಗಾಲದಲ್ಲಿ. ಬಾಣಂತನಕ್ಕೆ ನಾನು ತಿ. ನರಸೀಪುರದ ತವರಿಗೆ ಹೋಗಿದ್ದೆ. ಊರಂಚಿನ ಬೀದಿ. ಮುಂದುಗಡೆ ಚರಂಡಿ, ಹಿಂದುಗಡೆ ನಾಲೆ, ನಾಲೆಯಾಚೆ ನಾಟಿ ಮಾಡಿದ ಗದ್ದೆ. ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತವರು ಬೇಕೆ? ನಮ್ಮ ಮನೆಯವರು ಚಿಕ್ಕಸ್ವಾಮಿ, ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಭಾನುವಾರ ಬಸ್ಸಿಳಿದು ಬಂದವರೇ ಮೈಕೈ ಕೆರೆದುಕೊಳ್ಳುತ್ತಾ ರೇಗಿಸುತ್ತಿದ್ದರು. ಅವರೂರಿನ ಸೊಳ್ಳೆ ಬರೀ ಕಪಿಲೆಯ ನೀರು ಕುಡಿದದ್ದಂತೆ, ನಮ್ಮದು ಕಾವೇರಿ ಕಪಿಲೆ ಎರಡನ್ನೂ ಕುಡಿದು ಕೊಬ್ಬಿದ್ದಂತೆ.

ನನ್ನವ್ವ ಮಂಚಮ್ಮನಿಗೆ ಇದು ತಮಾಷೆಯ ವಿಷಯವಾಗಿರಲಿಲ್ಲ. ಅಪ್ಪ ಸತ್ತ ಮೇಲೆ ಒಂದು ತುಂಡು ಗದ್ದೆ ನಂಬಿಕೊಂಡು ನನ್ನನ್ನು ಓದಿಸಿ ಮದುವೆ ಮಾಡಿದವಳು, ಯಾವುದನ್ನೂ ಅರ್ಧಕ್ಕೆ ಬಿಡುವ ಪೈಕಿ ಅಲ್ಲ. ಮೊಮ್ಮಗಳು ಮನೆಗೆ ಬಂದದ್ದೇ ಸೊಳ್ಳೆಗಳ ಮೇಲೆ ಯುದ್ಧ ಸಾರಿದಳು. ಹಿತ್ತಲಲ್ಲಿ ನೀರು ನಿಲ್ಲುವಂಥ ಒಂದು ತೆಂಗಿನ ಚಿಪ್ಪೂ ಉಳಿಯಲಿಲ್ಲ. ಒಡೆದ ಮಡಕೆ, ಕೋಳಿಗೆ ನೀರಿಡುವ ಬೋಗುಣಿ, ಎಲ್ಲ ಬೋರಲು. ಬಚ್ಚಲ ಗುಂಡಿಗೆ ನಾಲ್ಕು ತೊಟ್ಟು ಸೀಮೆಎಣ್ಣೆ. ದೀಪ ಹಚ್ಚುವ ಹೊತ್ತಿಗೆ ಮುಂಚೆ ನನ್ನನ್ನೂ ಮಗುವನ್ನೂ ಪಕ್ಕದ ಮನೆಗೆ ಅಟ್ಟಿ, ಹಳೇ ಬಾಣಲೆಯಲ್ಲಿ ಕೆಂಡ ಹಾಕಿ, ಸೊಪ್ಪು ಸುರಿದು ಮೂಲೆಮೂಲೆಗೂ ಹೊಗೆ ಹಿಡಿಯುತ್ತಿದ್ದಳು. ಹೊಗೆ ಎಳೆಮಗುವಿನ ಎದೆಗೆ ಆಗದು ಎಂದು ನರ್ಸಮ್ಮ ಹೇಳಿದ್ದರು. ಆ ಒಂದು ಮಾತನ್ನು ಅವ್ವ ಎದುರಾಡದೆ ಪಾಲಿಸಿದಳು. ಹೊಗೆಯೆಲ್ಲ ಇಳಿದ ಮೇಲೆಯೇ ನಮ್ಮನ್ನು ಒಳಗೆ ಬಿಟ್ಟು ಕದ ಮುಚ್ಚುವುದು, ಕೊಡೆಯಂತೆ ಬಿಚ್ಚಿಕೊಳ್ಳುವ ಪುಟ್ಟ ಸೊಳ್ಳೆಪರದೆಯ ಕೆಳಗೆ ಮಗುವನ್ನು ಮಲಗಿಸುವುದು. ಇಷ್ಟಾಗಿಯೂ ಎಲ್ಲಾದರೂ ಕಚ್ಚಿದರೆ ತಣ್ಣೀರು ಬಟ್ಟೆ ಒತ್ತಿ, ಬೇವು ಅರಿಶಿನ ನುಣ್ಣಗೆ ಅರೆದು ಒಂದೊಂದು ಚುಕ್ಕೆ ಇಡುತ್ತಿದ್ದಳು. ಪರಚಿಕೊಳ್ಳದ ಹಾಗೆ ಮಗುವಿನ ಕೈಗೆ ಹಳೆ ಪಂಚೆಯ ಚೀಲ ಬೇರೆ.

ಆ ದಿನಗಳಲ್ಲಿ ನನಗೊಂದು ಹೊಸ ಶೋಕಿ ಹತ್ತಿತ್ತು. ನಮ್ಮ ಕಡೆ ಹೆತ್ತವಳನ್ನು ಅವ್ವ ಅನ್ನುತ್ತಾರೆ. ಅಮ್ಮ ಅಂದರೆ ಮಾರಮ್ಮ. ಮೈಮೇಲೆ ಗುಳ್ಳೆ ಎದ್ದು ಜ್ವರ ಬಂದರೆ ಅದನ್ನು ರೋಗ ಅನ್ನಬಾರದು, ಅಮ್ಮ ಬಂದವ್ಳೆ ಅನ್ನಬೇಕು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ ಸಾಕು, ಕಂಡವರು ಒಂದು ಮಾತೂ ಕೇಳದೆ ಕೈ ಮುಗಿದು ಹಿಂದಿರುಗುತ್ತಾರೆ. ನನಗೋ, ಮಗಳು ನನ್ನನ್ನು ಪೇಟೆಯ ಮಕ್ಕಳ ಹಾಗೆ ಅಮ್ಮ ಎಂದು ಕರೆಯಬೇಕೆಂಬ ಆಸೆ. ಅವಳ ಕಿವಿಗೆ ಈಗಿನಿಂದಲೇ ಬೀಳಲಿ ಎಂದು ಅವ್ವನನ್ನು ನಾನೇ ಅಮ್ಮ, ಅಮ್ಮ ಎಂದು ಕರೆಯತೊಡಗಿದ್ದೆ. ಅವ್ವನಿಗೆ ಮೈಯೆಲ್ಲ ಉರಿ.

"ನಾನೇನು ಗುಡೀಲಿ ಕುಂತಿದ್ದೀನಾ, ಅಮ್ಮ ಅನ್ನಕೆ? ಅವ್ವ ಅನ್ನು, ಬಾಯೇನು ಸವೆಯಕಿಲ್ಲ" ಎಂದು ಗದರುತ್ತಿದ್ದಳು. ನಾನು ಕೇಳಬೇಕಲ್ಲ.

ಇನ್ನು ನನ್ನ ಅತ್ತೆ ಮಾದಮ್ಮ. ನನ್ನ ಮದುವೆಯ ಬೀಗರೂಟದಲ್ಲಿ ಅತ್ತೆಯ ತಮ್ಮನ ಎಲೆಗೆ ಬರೀ ಮೂಳೆ ಬಿತ್ತು. ಬಡಿಸಿದವನ ಕಣ್ಣು ಎಲ್ಲಿತ್ತೋ ಕಾಣೆ. ಅತ್ತೆ ಒಂದು ಮಾತಂದರು, ಅವ್ವ ಎರಡಂದಳು. ಇವಳ ಹೊಸಿಲು ತುಳಿಯುವುದಿಲ್ಲ ಎಂದು ಅವರು, ಅವಳ ಮನೆಯ ನೀರು ಮುಟ್ಟುವುದಿಲ್ಲ ಎಂದು ಇವಳು. ಒಂದು ತುಂಡು ಮಾಂಸಕ್ಕೆ ಎರಡು ಮನೆ ಮುಖ ತಿರುಗಿಸಿ ಕೂತವು. ಮಗು ಹುಟ್ಟಿದಾಗಲೂ ಅತ್ತೆ ಆಸ್ಪತ್ರೆಗೆ ಬಂದು ನೋಡಿಕೊಂಡು, ಅವ್ವನ ಮನೆಯ ಕಡೆ ತಲೆ ಹಾಕದೆ ಬಸ್ಸು ಹತ್ತಿದರು.

ಆದರೆ ಬಾಣಂತಿಯನ್ನು ಕರೆದೊಯ್ಯಲು ಅತ್ತೆಯೇ ಬರಬೇಕು, ಅದು ನಮ್ಮಲ್ಲಿ ನಡೆದುಬಂದ ಪದ್ಧತಿ. ಕರೆಯಲು ಬರಲಿಲ್ಲ ಅಂದರೆ ಸೊಸೆ ಬೇಡ ಅಂದ ಹಾಗೆ. ಕರೆಯದ ಮನೆಗೆ ಮಗಳನ್ನು ತಾನಾಗಿ ಕಳಿಸುವ ಹೆಣ್ಣಲ್ಲ ನನ್ನವ್ವ. ನಮ್ಮ ಬೀದಿಯಲ್ಲಿ ಹೀಗೇ ತವರಲ್ಲಿ ಉಳಿದುಹೋದವಳು ಒಬ್ಬಳಿದ್ದಳು. ಎರಡು ಮನೆಯ ಹಿರಿಯರ ಹಟಕ್ಕೆ ಸಿಕ್ಕಿ, ಮಗ ಸ್ಕೂಲಿಗೆ ಹೋಗುವಷ್ಟಾದರೂ ಗಂಡನ ಮನೆ ಕಂಡಿರಲಿಲ್ಲ. ನಲ್ಲಿಯ ಹತ್ತಿರ ಅವಳು ಸಿಕ್ಕಿದರೆ ನಾನು ಅರ್ಧ ಕೊಡಕ್ಕೇ ಹಿಂದಿರುಗಿಬಿಡುತ್ತಿದ್ದೆ. ನನಗೆ ಗಂಡ ಬೇಕಿತ್ತು, ನನ್ನ ಮಗಳಿಗೆ ಅಪ್ಪನ ಮನೆ ಬೇಕಿತ್ತು. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ, ಹೇಳದೆ ಇರಲು ಸಂಕಟ.

ಕೊನೆಗೆ ಒಂದು ಭಾನುವಾರ ನಮ್ಮ ಮನೆಯವರು ಸುದ್ದಿ ತಂದರು. ಅಂತೂ ಇಂತೂ ಅವರವ್ವ ಒಪ್ಪಿದ್ದಾರೆ, ಮಗು ಮೂರು ತಿಂಗಳು ತುಂಬುವುದರೊಳಗೆ, ಅಂದರೆ ಈ ವಾರದಲ್ಲೇ, ತಾವೇ ಬರುತ್ತಾರೆ ಎಂದು. ಅವ್ವ ಮುಖ ಸಿಂಡರಿಸಿದಳು. ಆದರೂ ಮರುದಿನ ಜಗುಲಿ ಸಾರಿಸಿದಳು, ಅಕ್ಕಿ ಹಿಟ್ಟು ಬೀಸಿಸಿಟ್ಟಳು. ನಾನು ಕಂಡೂ ಕಾಣದವಳ ಹಾಗೆ ಇದ್ದೆ.

ಆ ವಾರ ಹಿಡಿದ ಮಳೆ ಬಿಡಲಿಲ್ಲ. ಒಗೆದು ಹಾಕಿದ ಸೊಳ್ಳೆಪರದೆ ಒಣಗಲಿಲ್ಲ, ಸೊಪ್ಪು ನೆನೆದು ಹೊಗೆಯೂ ಏಳಲಿಲ್ಲ. ಸೊಳ್ಳೆಗಳಿಗೆ ಇನ್ನೇನು ಬೇಕು? ಬೆಳಗಾಗುವಷ್ಟರಲ್ಲಿ ನನ್ನ ಮೈಮೇಲೂ ಮಗುವಿನ ಮೈಮೇಲೂ ಕೆಂಪು ಕೆಂಪು ದದ್ದು. ಅವ್ವ ಸೊಳ್ಳೆಯ ವಂಶವನ್ನೆಲ್ಲ ಬಯ್ದುಕೊಂಡೇ ಬೇವು ಅರಿಶಿನ ಅರೆದಳು. ಅವತ್ತು ಚುಕ್ಕೆಯ ಲೆಕ್ಕ ಬಿಟ್ಟು, ಮುಖ ಕೈ ಕಾಲು ಎನ್ನದೆ ಇಬ್ಬರಿಗೂ ಬಳಿದುಬಿಟ್ಟಳು. ಅಷ್ಟರಲ್ಲಿ ಮಳೆ ನಿಂತು ಬಿಸಿಲು ಬಿತ್ತು. ನಮ್ಮ ಮನೆಗೆ ಮೊದಲ ಬಿಸಿಲು ಬೀಳುವುದು ಮುಂಬಾಗಿಲಿಗೆ. ಮಗುವಿಗೆ ಹೆಸರಿಟ್ಟ ದಿನ ತೋರಣ ಕಟ್ಟಿದ್ದ ಹುರಿ ಅಲ್ಲೇ ಇತ್ತು. ಸಂಜೆಯ ಹೊಗೆಗಾದರೂ ಒಣಗಲಿ ಎಂದು ಬೇವಿನ ಕೊಂಬೆಗಳನ್ನು ಸಾಲಾಗಿ ಅದಕ್ಕೆ ಸಿಕ್ಕಿಸಿ, ಅವ್ವ ಕಾರ ಅರೆಯಲು ಅಡಿಗೆಮನೆಗೆ ಹೋದಳು.

ನಮ್ಮದು ಮುಂಬಾಗಿಲಲ್ಲಿ ನಿಂತರೆ ಹಿತ್ತಲು ಕಾಣುವ ಮನೆ. ನಾನು ಹಿತ್ತಲ ಕಲ್ಲಿನ ಮೇಲೆ ಕಾಲು ಚಾಚಿ, ಕಾಲಮೇಲೆ ಮಗುವನ್ನು ಮಲಗಿಸಿಕೊಂಡು, ಬಾಗಿಲಿಗೆ ಬೆನ್ನು ಹಾಕಿ ನೀರು ಹುಯ್ಯುತ್ತಿದ್ದೆ. ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರು. ಮಗು ಕಿರುಚುತ್ತಿತ್ತು, ಒಳಗಿನಿಂದ ಒರಳುಕಲ್ಲಿನ ಸದ್ದು. ಯಾರೋ ಮುಂದುಗಡೆ ಯಾರಿದ್ದೀರವ್ವ ಎಂದು ಕೇಳಿದ ಹಾಗಾಯಿತು. ದಿನಾ ಬೀದಿಯ ಹೆಂಗಸರು ಅವ್ವನನ್ನು ಹುಡುಕಿಕೊಂಡು ಬರುವುದು ಇದ್ದದ್ದೇ. ತಿರುಗಿದರೆ ಮಗುವಿನ ಕಣ್ಣಿಗೆ ಸೋಪು ಬೀಳುತ್ತದೆಂದು, ಕೂತಲ್ಲಿಂದಲೇ ಕೂಗಿದೆ.

"ಅಮ್ಮ ಒಳಗವ್ಳೆ."

ಮಗುವಿನ ತಲೆಗೆ ಇನ್ನೊಂದು ಚೊಂಬು ನೀರು ಹುಯ್ದೆ.

ಮಗುವಿನ ಮೈ ಒರೆಸಲು ಬಂದಾಗ ಅವ್ವ ಹೊಸಿಲಾಚೆ ಒಂದು ಚಿಪ್ಪು ರಸಬಾಳೆ, ಮಡಚಿದ ಹೊಸ ಕಂಬಳಿ ಇದ್ದದ್ದನ್ನು ಕಂಡಳು. ಎದುರು ಮನೆಯ ಕೆಂಪಯ್ಯ ಜಗುಲಿಯಲ್ಲಿ ಬೀಡಿ ಸೇದುತ್ತಾ ಕೂತಿದ್ದ. ಬೀದಿಯಲ್ಲಿ ನಡೆದದ್ದೆಲ್ಲ ಅವನಿಗೆ ಗೊತ್ತಿರುತ್ತಿತ್ತು, ನಡೆಯದೆ ಇದ್ದದ್ದೂ ಅಷ್ಟಿಷ್ಟು. ಅವ್ವ ವಿಚಾರಿಸಿದಳು.

"ನಿನ್ ಬೀಗ್ತಿ ಬಂದಿದ್ರು ಕಣವ್ವ. ಒಸ್ಲಾಚೆ ನಿಂತ್ಕಂಡ್ರು, ಕೈ ಮುಗುದ್ರು, ತಿರುಗ್ಕಂಡು ಒಂಟೋದ್ರು."

ಇದಕ್ಕೆ ಅರ್ಥ ಬೇರೆ ಬೇಕೆ? ನಿಮ್ಮ ಸಹವಾಸಕ್ಕೆ ಒಂದು ನಮಸ್ಕಾರ ಅಂದ ಹಾಗಾಯಿತಲ್ಲ. ಅವ್ವನ ಮುಖ ಕೆಂಪಾಯಿತು. ಹೊಸಿಲಿನವರೆಗೆ ಬಂದು, ಭಿಕ್ಷೆ ಇಟ್ಟ ಹಾಗೆ ಬಾಳೆಹಣ್ಣು ಇಟ್ಟು, ಕೈ ಮುಗಿದು ಹೋಗುವುದೆಂದರೆ, ಇದಕ್ಕಿಂತ ಕೆನ್ನೆಗೆ ಹೊಡೆಯಬಹುದಿತ್ತು ಅಂದಳು. ಆ ಹಣ್ಣನ್ನು ಬೀದಿಯ ಮಕ್ಕಳಿಗೆ ಹಂಚಿದಳು. ಕಂಬಳಿಯನ್ನು ಅಟ್ಟಕ್ಕೆ ಎಸೆದಳು. ಬೇವಿನ ಸೊಪ್ಪನ್ನು ಮಾತ್ರ ಸಂಜೆ ಕೆಂಡಕ್ಕೆ ಸುರಿದು, ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಸೊಳ್ಳೆಗಳ ಮೇಲೆ ತೀರಿಸಿಕೊಂಡಳು. ಬಾಗಿಲಿನ ಆ ಸೊಪ್ಪು ಬೇರೆ ಊರಿನವರ ಕಣ್ಣಿಗೆ ಹೇಗೆ ಕಂಡೀತು ಎಂಬುದು ನಮಗೆ ಯಾರಿಗೂ ಹೊಳೆಯಲೇ ಇಲ್ಲ. ನಮ್ಮ ಮನೆಯಲ್ಲಿ ಬೇವಿನ ಸೊಪ್ಪು ಎಂದರೆ ಸೊಳ್ಳೆ, ಅಷ್ಟೆ.

ಭಾನುವಾರ ಬಂತು. ನಮ್ಮ ಮನೆಯವರು ಬರಲಿಲ್ಲ. ನಾನು ಬಸ್‌ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿಗೆ ಹೋಗಿ, ಅವರ ಬೀದಿಯ ಅಂಗಡಿಗೆ ಫೋನು ಮಾಡಿ ಕರೆಸಿ ಎಂದೆ. ಅಂಗಡಿಯವರು ಹೋಗಿ ಬಂದು, ಅವರ ಮನೆಯವರು ಈಗ ಯಾರ ಮನೆಯ ಮೆಟ್ಟಿಲೂ ಹತ್ತುವುದಿಲ್ಲವಂತೆ, ಯಾರ ಹತ್ತಿರವೂ ಮಾತು ಬೇಡವಂತೆ ಅಂದರು. ಮುಂದಿನ ಭಾನುವಾರವೂ ಹಾಗೇ ಹೋಯಿತು. ಅವ್ವ ಜೋರಾಗಿ ಬಯ್ಯುವುದನ್ನು ನಿಲ್ಲಿಸಿದ್ದಳು. ಅವಳು ಬಯ್ಯದೆ ಇದ್ದದ್ದೇ ನನಗೆ ಹೆಚ್ಚು ಭಯ ತಂದಿತು. ನಲ್ಲಿಯ ಹತ್ತಿರ ಆ ಹೆಂಗಸು ಒಂದು ದಿನ ತಾನಾಗಿ ಬಂದು ನನ್ನ ಕೊಡ ಎತ್ತಿಕೊಟ್ಟಳು. ತನ್ನ ಜೊತೆಗೊಬ್ಬಳು ಸಿಕ್ಕಿದಳು ಎಂದು ಕನಿಕರಪಟ್ಟಳೋ ಏನೋ. ಮನೆಗೆ ಬಂದು ಕದ ಹಾಕಿಕೊಂಡು ಅತ್ತುಬಿಟ್ಟೆ.

ಅದಾದ ಕೆಲವು ದಿನಕ್ಕೆ ಮಧ್ಯಾಹ್ನ ಬಾಗಿಲಿಗೆ ಬಂದು ನೋಡುತ್ತೇನೆ, ನಮ್ಮ ಮನೆಯವರು ಕೆಂಪಯ್ಯನ ಜಗುಲಿಯ ಹತ್ತಿರ ನಿಂತಿದ್ದಾರೆ. ಗಡ್ಡ ಬಿಟ್ಟಿದ್ದಾರೆ, ಕಾಲಲ್ಲಿ ಚಪ್ಪಲಿಯಿಲ್ಲ. ಬೀದಿ ದಾಟಿ ಈಚೆ ಬರುತ್ತಿಲ್ಲ. ಏನು ಕೆಟ್ಟ ಸುದ್ದಿ ತಂದರೋ ಎಂದು ನಾನು ಹೊಸಿಲಲ್ಲೇ ನಿಂತೆ. ಅವರು ಅಲ್ಲಿಂದಲೇ, ಮೆತ್ತಗೆ, ದೇವಸ್ಥಾನದಲ್ಲಿ ಮಾತಾಡುವವರ ಹಾಗೆ ಕೇಳಿದರು.

"ಕೋಮ್ಲಾ, ಅಮ್ಮ ಇನ್ನೂ ಅವ್ಳಾ?"

ಇಷ್ಟು ದಿನ ತಿರುಗಿ ನೋಡದೆ, ಈಗ ಬಂದು ನನ್ನವ್ವ ಇದ್ದಾಳಾ ಎಂದು ಕೇಳುವುದು ನೋಡಿ ಎಂದು ನನಗೆ ರೇಗಿತು.

"ಅವಳ ಮನೆ ಬುಟ್ಟು ಅವಳೆಲ್ಗೋದಾಳು? ಒಳಗೆ ಮುದ್ದೆ ತಿರುವ್ತಾವ್ಳೆ."

ಕೈ ಮುಗಿಯಲು ಎತ್ತಿದ್ದ ಅವರ ಕೈ ಅರ್ಧಕ್ಕೇ ನಿಂತಿತು. ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಬರಿದಾದ ಬಾಗಿಲು ನೋಡಿದರು. ಮೊದಲು ನಕ್ಕವನು ಕೆಂಪಯ್ಯ. ಬೀಡಿಯ ಹೊಗೆ ನೆತ್ತಿಗೇರಿ ಕೆಮ್ಮುತ್ತಾ, ಕೆಮ್ಮಿನ ಮಧ್ಯೆ ನಗುತ್ತಾ, ಅಯ್ಯೋ ಶಿವನೇ ಅದು ಸೊಳ್ಳೆ ಹೊಗೆಯ ಸೊಪ್ಪು ಕಣಪ್ಪ ಎಂದು ಬಿಡಿಸಿ ಹೇಳಿದವನೂ ಅವನೇ.

ಆಮೇಲೆ ನಮ್ಮ ಮನೆಯವರು ಒಳಗೆ ಬಂದು ಕೂತು ಒಂದೊಂದೇ ಹೇಳಿದರು. ಅವತ್ತು ಅತ್ತೆ ಬಾಗಿಲಲ್ಲಿ ಬೇವು ಕಂಡರು, ಹಿತ್ತಲಲ್ಲಿ ನಾನೂ ಮಗುವೂ ಮೈಯೆಲ್ಲ ಅರಿಶಿನ ಬಳಿದುಕೊಂಡು ಬೇವಿನ ನೀರು ಹುಯ್ದುಕೊಳ್ಳುವುದನ್ನು ಕಂಡರು, ಅಮ್ಮ ಒಳಗವ್ಳೆ ಎಂಬ ಮಾತನ್ನು ಕಿವಿಯಾರೆ ಕೇಳಿದರು. ಯಾವತ್ತೂ ಅವ್ವ ಎಂದೇ ಅನ್ನುತ್ತಿದ್ದ ಸೊಸೆ ಅಮ್ಮ ಅಂದರೆ ಅದು ಇನ್ಯಾರು? ಮನೆಗೆ ಬಂದವರೇ ಚಪ್ಪಲಿ ಬಿಟ್ಟರು. ತಲೆ ಬಾಚಲಿಲ್ಲ, ಬರಿನೆಲದ ಮೇಲೆ ಮಲಗಿದರು. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆಯ ಘಾಟು ಏಳಬಾರದಲ್ಲ, ಅದಕ್ಕೆ ಅವತ್ತಿನಿಂದ ಇವರ ಮನೆಯ ಸಾರಿಗೆ ಒಗ್ಗರಣೆಯೇ ಇಲ್ಲ. ಅಮ್ಮ ಇದ್ದದ್ದು ಬೀಗರ ಮನೆಯಲ್ಲಿ, ವ್ರತ ಇವರ ಮನೆಯಲ್ಲಿ. ಮಗನಿಗೂ ಗಡ್ಡ ತೆಗೆಯಬೇಡ, ಆ ಕಡೆ ಹೋಗಬೇಡ ಎಂದು ಕಟ್ಟಪ್ಪಣೆ. ಇವತ್ತು ಮಾತ್ರ ತಡೆಯಲಾರದೆ, ದೂರ ನಿಂತು ಕೇಳಿಕೊಂಡು ಬಾ ಎಂದು ತಾವೇ ಕಳಿಸಿದ್ದರು. ಇಷ್ಟು ಯಾಕೆ ಹೆದರಿದರು ಎಂದು ನಾನು ಕೇಳಿದೆ. ತಮಗಿಂತ ಮೊದಲು ಒಂದು ಹೆಣ್ಣುಮಗು ಹುಟ್ಟಿತ್ತಂತೆ, ಅದನ್ನು ಅಮ್ಮ ಕರೆದುಕೊಂಡಳಂತೆ, ತಮ್ಮವ್ವ ಯಾವತ್ತೂ ಅದರ ಮಾತೆತ್ತಿದವಳಲ್ಲ ಅಂದರು.

ಅವ್ವ ಮುದ್ದೆಯ ಕೋಲು ಹಿಡಿದುಕೊಂಡೇ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. "ಒಗ್ಗರಣೆ ಇಲ್ದೆ ಉಣ್ತಾವ್ಳಾ?" ಅಂದಳು. ಅವಳು ಕೋಲು ತೊಳೆದಿಟ್ಟು, ಅಟ್ಟದಿಂದ ಕಂಬಳಿ ಇಳಿಸಿ ಕೊಡವಿ, ಮಗುವಿನ ಬಟ್ಟೆ ಮಡಚತೊಡಗಿದಳು. ಕರೆಯಲು ಅತ್ತೆ ಬರಬೇಕಲ್ಲವೇ ಎಂದು ನಾನು ನೆನಪಿಸಿದೆ. ಬಂದಿದ್ದಳಲ್ಲ, ಒಂದು ಸಲ ಬಂದರೆ ಸಾಲದೇ ಎಂದು ನನಗೇ ಗದರಿದಳು. ಆ ಗದರಿಕೆ ಕೇಳಿ ನನಗೆ ಹೋದ ಜೀವ ಬಂತು.

ನಂಜನಗೂಡಿನ ಮನೆ ಮುಟ್ಟಿದಾಗ ಅತ್ತೆ ಜಗುಲಿಯಲ್ಲಿ ಕೂತಿದ್ದರು. ತಲೆ ಜಡೆಗಟ್ಟಿತ್ತು, ಮುಖ ಇಳಿದುಹೋಗಿತ್ತು. ನಮ್ಮನ್ನು ಕಂಡು ಎದ್ದು ಗೋಡೆಗೆ ಒರಗಿ ನಿಂತರು. ಮಗುವಿನ ಕಡೆ ಕೈ ಚಾಚಲಿಲ್ಲ. ಕಣ್ಣು ಮಾತ್ರ ಅದರ ಮೇಲೇ ಇತ್ತು. ಅವ್ವ ಮೆಟ್ಟಿಲು ಹತ್ತಿ ಅವರೆದುರು ನಿಂತಳು.

"ಬೀಗ್ತಿ, ಅವತ್ತು ನಿನ್ ಸೊಸೆ ಒಳಗವ್ಳೆ ಅಂದಿದ್ದು ನನ್ನ ಕಣವ್ವ. ಆ ಅಮ್ಮ ನಾನೇಯ. ಮಗೀಗೆ ಕಚ್ಚಿದ್ದು ಬರೀ ಸೊಳ್ಳೆ."

ನಮ್ಮ ಮನೆಯವರು ಆಗಲೇ ನಗಲು ಶುರು ಮಾಡಿದ್ದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾವು ನಕ್ಕಿದ್ದೆವು. ಅತ್ತೆಯೂ ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ.

"ನಾನೂ ಅಂಗೇ ಅಂದ್ಕಂಡಿದ್ದೆ" ಅಂದರು. "ನನ್ನ ಮೊದಲ್ನೇ ಮಗೀಗೂ ಇಂಗೇ ಕೆಂಪುಗೆ ಎದ್ದಿತ್ತು. ಸೊಳ್ಳೆ ಅಂತವ ಅರಿಸ್ನ ಅಚ್ಚಿ ಮಲಗಿಸ್ಬುಟ್ಟು, ನಾಟಿಗೆ ಓಗ್ಬುಟ್ಟೆ."

ಒಂದು ಮಾತಿಗೆ ಎರಡು ಹೇಳುವ ನನ್ನವ್ವ ಕೈಯಲ್ಲಿದ್ದ ಮಗುವಿನ ಬಟ್ಟೆಗಂಟು ಕೆಳಗಿಟ್ಟಳು. ಅವಳು ಜಗುಲಿಯ ಮೇಲೆ ಅತ್ತೆಯ ಪಕ್ಕಕ್ಕೇ ಕೂತಳು. ಬಾಯಾರಿಕೆ ಆಗಿದೆ, ಒಂದು ಲೋಟ ನೀರು ಕೊಡು ಎಂದು ಕೇಳಿದಳು. ಅತ್ತೆ ಒಳಗೆ ಹೋಗಿ ತಂದರು. ಅವ್ವ ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದಳು.

ಅವ್ವ ಅವತ್ತು ಊರಿಗೆ ಹಿಂದಿರುಗಲಿಲ್ಲ. ಮಾತಿನಲ್ಲಿ ಹೇಳಿದರೆ ಹೋಗುವ ಭಯವಲ್ಲ ಅದು ಎಂದು ಅವಳಿಗೆ ಗೊತ್ತಾಗಿತ್ತು. ಹಳೆಯ ಕಲೆಗಳೆಲ್ಲ ಮಾಸಿಹೋಗಿದ್ದವು. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಮಗುವಿನ ಕೆನ್ನೆಯ ಮೇಲೆ ಹೊಸದೊಂದು ದದ್ದು. ನಮ್ಮ ಮನೆಯವರು ಏನೋ ಹೇಳಲು ಬಾಯಿ ತೆರೆದರು, ಅವ್ವ ಕಣ್ಣಲ್ಲೇ ತಡೆದಳು. ಅತ್ತೆ ಮಗುವನ್ನು ಎತ್ತಿಕೊಂಡು ಜಗುಲಿಯ ಬೆಳಕಿಗೆ ಹೋದರು. ಅವತ್ತಿಡೀ ಅದರ ಪಕ್ಕ ಬಿಟ್ಟು ಏಳಲಿಲ್ಲ. ಹಣೆ ಮುಟ್ಟಿ ನೋಡುವುದು, ಆ ಗುಳ್ಳೆಯಲ್ಲಿ ನೀರು ತುಂಬುತ್ತದೆಯೇ ಎಂದು ಬಗ್ಗಿ ನೋಡುವುದು. ಅವ್ವ ತಣ್ಣೀರಿನ ಬಟ್ಟೆ ಹಿಂಡಿ ಹಿಂಡಿ ಕೊಟ್ಟಳು, ಅತ್ತೆ ಒತ್ತಿದರು. ಮಗುವಿಗೆ ಜ್ವರ ಬರಲಿಲ್ಲ. ಅದು ಕಾಲು ಬಡಿಯುತ್ತಾ ಇಬ್ಬರು ಮುದುಕಿಯರನ್ನೂ ನೋಡಿ ನಗುತ್ತಿತ್ತು.

ಮಾರನೆಯ ದಿನ ಬೆಳಗಾದ ಮೇಲೆ ಅತ್ತೆ ಮತ್ತೆ ಮಗುವನ್ನು ಬಿಸಿಲಿಗೆ ತಂದರು. ಕೆನ್ನೆಯ ಮೇಲೆ ಏನೂ ಉಳಿದಿರಲಿಲ್ಲ. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು, ಇನ್ನೊಂದು ಸಲ ಸವರಿದರು.

"ಸೊಳ್ಳೆ" ಅಂದರು.

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಮಗುವನ್ನು ನನ್ನವ್ವನ ತೊಡೆಯ ಮೇಲಿಟ್ಟು, ಬಾಚಣಿಗೆ ಹುಡುಕಲು ಒಳಗೆ ಹೋದರು.